ಇಪ್ಪತ್ತು ಹಾಳೆಗಳ ಭಾರ: ಚಿಮಣಿಯ ಎಳೆತವನ್ನು ಹದಕ್ಕೆ ತರುವ ಬಗೆ

ಕಳೆದ ಚಳಿಗಾಲದಲ್ಲಿ ಒಂದೇ ವಾರ ಎರಡು ಒಲೆಗಳ ದೂರು ನನ್ನ ಮುಂದೆ ಬಂತು. ಒಂದು ಮೈಸೂರಿನ ಒಂಟಿಕೊಪ್ಪಲಿನಲ್ಲಿರುವ ನಮ್ಮ ಮನೆಯ ಬಚ್ಚಲೊಲೆ. ಹಂಡೆಯ ಕೆಳಗೆ ತೆಂಗಿನ ಗರಿ ತುರುಕಿ ಕಡ್ಡಿ ಗೀರಿದರೆ ಹೊಗೆ ಚಿಮಣಿಯ ದಾರಿ ಹಿಡಿಯದೆ ನೇರ ಮುಖಕ್ಕೇ ಬರುತ್ತಿತ್ತು. ಇನ್ನೊಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿರುವ ನನ್ನ ಅಕ್ಕನ ಮಗನ ಮನೆಯದು. ಅವನು ಕೊಂಡ ಹಳೆಯ ಮನೆಯ ನೆಲಮಾಳಿಗೆಯಲ್ಲಿ ಕಲ್ಲಿದ್ದಲಿನ ಕುಲುಮೆಯೊಂದಿದೆ. ಇಡೀ ಮನೆ ಬೆಚ್ಚಗಾಗುವುದು ಅದರಿಂದಲೇ. "ಮಾವ, ರಾತ್ರಿ ಬಾಯಿತುಂಬ ಕಲ್ಲಿದ್ದಲು ಹಾಕಿ ಮಲಗಿದರೆ ಬೆಳಗಿನ ಜಾವ ನಾಲ್ಕಕ್ಕೇ ಬೂದಿಯಾಗಿರುತ್ತದೆ. ಹೊಗೆ ಕೊಳವೆ ಮುಟ್ಟಲಾಗದಷ್ಟು ಸುಡುತ್ತದೆ, ಮನೆ ಮಾತ್ರ ತಣ್ಣಗೇ ಇರುತ್ತದೆ" ಎಂದ. ನಮ್ಮದು ಎಳೆಯದ ಚಿಮಣಿ, ಅವನದು ಹದ ಮೀರಿ ಎಳೆಯುವ ಚಿಮಣಿ.

ನಮ್ಮ ಕಡೆಯ ಗಾರೆ ಕೆಲಸದವರು "ಚಿಮಣಿ ಎಳೆಯುತ್ತಿಲ್ಲ" ಎನ್ನುತ್ತಾರೆ. ಎಂಜಿನಿಯರುಗಳು ಡ್ರಾಫ್ಟ್ ಎನ್ನುವುದು ಇದನ್ನೇ. ಗಾರೆಯವರ ಮಾತೇ ನನಗೆ ಹಿಡಿಸುತ್ತದೆ, ಏಕೆಂದರೆ ಅದು ನಡೆಯುವುದನ್ನು ಇದ್ದಂತೆ ಹೇಳುತ್ತದೆ. ಚಿಮಣಿ ಇರುವುದು ಹೊಗೆಯನ್ನು ಹೊರಹಾಕಲು ಎಂದು ನಾವು ತಿಳಿದಿರುತ್ತೇವೆ. ಅದರ ದೊಡ್ಡ ಕೆಲಸ ಒಲೆಯ ಬುಡದಲ್ಲಿದೆ: ಬೂದಿ ಬಾಗಿಲಿನಿಂದ ಹೊಸ ಗಾಳಿಯನ್ನು ಜಾಲರಿಯ ಮೂಲಕ ಕೆಂಡದೊಳಕ್ಕೆ ಎಳೆದು ತರುವುದು.

ಲಾಟೀನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಜು ತೆಗೆದರೆ ಬತ್ತಿ ಓಲಾಡುತ್ತಾ ಕಪ್ಪು ಹೊಗೆ ಕಾರುತ್ತದೆ; ಗಾಜು ಇಳಿಸಿದ ಕೂಡಲೇ ಉರಿ ನಿಂತು ಬೆಳ್ಳಗಾಗುತ್ತದೆ. ಗಾಜು ಗಾಳಿ ಹೊಡೆತವನ್ನು ತಡೆಯುವುದು ಅರ್ಧ ಕಥೆ. ಒಳಗಿನ ಬಿಸಿ ಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಭಾರದ ಗಾಳಿ ಬುಡದ ಕಿಂಡಿಗಳಿಂದ ನುಗ್ಗಿ ಹಗುರ ಗಾಳಿಯನ್ನು ಮೇಲಕ್ಕೆ ಒತ್ತುತ್ತದೆ, ನುಗ್ಗುವ ದಾರಿಯಲ್ಲಿ ಬತ್ತಿಗೆ ಉಸಿರು ಕೊಡುತ್ತದೆ. ಗಾಜಿನ ಬದಲು ಇಟ್ಟಿಗೆ, ಬತ್ತಿಯ ಬದಲು ಕೆಂಡ ಇಟ್ಟುಕೊಂಡರೆ ಚಿಮಣಿಯ ಕಥೆ ಇಷ್ಟೇ.

ಈ ಒತ್ತಡ ಎಷ್ಟು ಎಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಹತ್ತಿರಹತ್ತಿರ 1.08 ಕಿಲೋ ತೂಗುತ್ತದೆ. ಅದೇ ಗಾಳಿಯನ್ನು 200 ಡಿಗ್ರಿಗೆ ಕಾಯಿಸಿದರೆ ತೂಕ 0.68 ಕಿಲೋಗೆ ಇಳಿಯುತ್ತದೆ. ವ್ಯತ್ಯಾಸ 400 ಗ್ರಾಂ. ಅಂದರೆ ಚಿಮಣಿಯ ಪ್ರತಿ ಮೀಟರ್ ಎತ್ತರಕ್ಕೆ ಸುಮಾರು 4 ಪಾಸ್ಕಲ್ ಎಳೆತ. ನಮ್ಮ ಮನೆಯ ನಾಲ್ಕು ಮೀಟರ್ ಚಿಮಣಿಗೆ 16 ಪಾಸ್ಕಲ್. ಪಾಸ್ಕಲ್ ಎಂದರೆ ಕಣ್ಣಿಗೆ ಕಟ್ಟುವುದಿಲ್ಲ. ಜೆರಾಕ್ಸ್ ಅಂಗಡಿಯ ಒಂದು ಹಾಳೆ ಮೇಜಿನ ಮೇಲೆ ಮಲಗಿ ಒತ್ತುವ ಒತ್ತಡ 0.8 ಪಾಸ್ಕಲ್. ಹಾಗಾದರೆ ಒಲೆಯನ್ನು ಉರಿಸಿ, ಹೊಗೆಯನ್ನು ಮಾಡಿನಾಚೆ ಕಳುಹಿಸುವ ಇಡೀ ಶಕ್ತಿ ಇಪ್ಪತ್ತು ಹಾಳೆಗಳ ಭಾರ. ಇಷ್ಟು ಮೆತ್ತನೆಯ ಬಲ ಸಣ್ಣಪುಟ್ಟ ಕಾರಣಗಳಿಗೆ ಸೋಲುವುದರಲ್ಲಿ ಆಶ್ಚರ್ಯವೇನಿಲ್ಲ.

ಇದೇ ಲೆಕ್ಕದಿಂದ ಇನ್ನೆರಡು ಸಂಗತಿಗಳು ಹೊರಬೀಳುತ್ತವೆ. ಎಳೆತ ಚಿಮಣಿಯ ಎತ್ತರಕ್ಕೆ ತಕ್ಕಂತೆ ಏರುತ್ತದೆ, ಆದರೆ ಎತ್ತರವನ್ನು ಇಮ್ಮಡಿ ಮಾಡಿದರೆ ಹರಿಯುವ ಗಾಳಿ ಇಮ್ಮಡಿಯಾಗುವುದಿಲ್ಲ, ಸುಮಾರು ಒಂದೂವರೆ ಪಟ್ಟಿನ ಒಳಗೇ ನಿಲ್ಲುತ್ತದೆ. ಎರಡನೆಯದು, ಚಿಮಣಿಗೆ ಶಾಖ ಹೆಚ್ಚು ಬಿಟ್ಟಷ್ಟೂ ಒಲೆಗೆ ಗಾಳಿ ಹೆಚ್ಚು ಬರುತ್ತದೆ ಎಂಬ ನಂಬಿಕೆ. ಸುಮಾರು 320 ಡಿಗ್ರಿ ದಾಟಿದ ಮೇಲೆ ಅದು ಸುಳ್ಳು. ಒಳಗಿನ ಅನಿಲ ಅಷ್ಟು ತೆಳುವಾಗಿರುತ್ತದೆ ಎಂದರೆ, ವೇಗ ಹೆಚ್ಚಿದರೂ ಸಾಗುವ ಗಾಳಿಯ ತೂಕ ಹೆಚ್ಚುವುದಿಲ್ಲ. ಅಲ್ಲಿಂದಾಚೆಗೆ ಸುರಿದ ಸೌದೆಯೆಲ್ಲ ಕಾಗೆಗಳಿಗೆ ಬೆಚ್ಚಗೆ ಮಾಡಲು.

ಈಗ ನಮ್ಮ ಬಚ್ಚಲಿನ ರೋಗಕ್ಕೆ ಬರೋಣ. ಮೊದಲು ನಾನು ದೂಷಿಸಿದ್ದು ಪಕ್ಕದ ಮನೆಯನ್ನು. ಹೆಂಚಿನ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಿದ್ದಾರೆ. ಪಶ್ಚಿಮದ ಗಾಳಿ ಆ ಗೋಡೆಗೆ ಬಡಿದು ನಮ್ಮ ಚಿಮಣಿಯ ಬಾಯಿಗೆ ಇಳಿಯುತ್ತದೆ ಎಂದು ನನ್ನ ವಾದ. ವಾದ ಪೂರ್ತಿ ತಪ್ಪಲ್ಲ. ಚಿಮಣಿ ಮಾಡನ್ನು ಸೀಳಿ ಹೊರಬರುವಲ್ಲಿಂದ ಕನಿಷ್ಠ ಮೂರು ಅಡಿ ಮೇಲಿರಬೇಕು, ಸುತ್ತ ಹತ್ತು ಅಡಿಯೊಳಗಿರುವುದು ಏನೇ ಆಗಲಿ ಅದಕ್ಕಿಂತ ಎರಡು ಅಡಿ ಎತ್ತರವಿರಬೇಕು ಎಂಬ ನಿಯಮವನ್ನು ಅಮೆರಿಕದವರು ಪಾಲಿಸುತ್ತಾರೆ. ನಮ್ಮಲ್ಲಿ ಅದನ್ನು ಕೇಳುವವರಿಲ್ಲ. ಆದರೆ ಹೊಗೆ ಬರುತ್ತಿದ್ದುದು ಗಾಳಿಯೇ ಇಲ್ಲದ ಡಿಸೆಂಬರ್ ಬೆಳಗುಗಳಲ್ಲಿ. ಹಾಗಾಗಿ ನೆರೆಯವರು ಖುಲಾಸೆಯಾದರು.

ಆಮೇಲೆ ಮಸಿ. ನಾಲ್ಕು ಇಂಚಿನ ಕೊಳವೆಯ ಒಳಗೆ ಸುತ್ತಲೂ ಒಂದು ಸೆಂಟಿಮೀಟರ್ ಮಸಿ ಕಟ್ಟಿದರೆ ದಾರಿಯ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಮುಚ್ಚಿಹೋಗುತ್ತದೆ. ಉದ್ದ ಬಿದಿರಿಗೆ ಗೋಣಿಚೀಲ ಸುತ್ತಿ ಉಜ್ಜಿಸಿದೆ. ಅರ್ಧ ಬಕೆಟ್ ಮಸಿ ಬಂತು. ಒಲೆ ತುಸು ಚುರುಕಾಯಿತು, ಹೊಗೆ ನಿಲ್ಲಲಿಲ್ಲ.

ನಿಜವಾದ ಕಳ್ಳ ಬಚ್ಚಲ ಗೋಡೆಯಲ್ಲೇ ತಿರುಗುತ್ತಿತ್ತು. ಹಬೆ ಹೋಗಲೆಂದು ಮಳೆಗಾಲದಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿಸಿದ್ದೆವು. ಕಿಟಕಿ ತೆರೆದಿರುವಷ್ಟು ದಿನ ಅದರಿಂದ ತೊಂದರೆಯಾಗಲಿಲ್ಲ. ಚಳಿ ಬಂತು, ಕಿಟಕಿ ಮುಚ್ಚಿದೆವು. ಫ್ಯಾನ್ ಹೊರದಬ್ಬಿದಷ್ಟು ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕಲ್ಲ? ಬಾಗಿಲೂ ಮುಚ್ಚಿ, ಕಿಟಕಿಯೂ ಮುಚ್ಚಿದ ಕೋಣೆಗೆ ಉಳಿದ ದೊಡ್ಡ ಕಿಂಡಿ ಒಂದೇ, ಚಿಮಣಿ. ಇಪ್ಪತ್ತು ಹಾಳೆಗಳ ಭಾರವನ್ನು ಒಂದು ಪುಟ್ಟ ಫ್ಯಾನ್ ಸೋಲಿಸಬಲ್ಲದು. ಆಗ ಚಿಮಣಿ ಮೇಲಿಂದ ಕೆಳಕ್ಕೆ ಎಳೆಯತೊಡಗುತ್ತದೆ. ಅಡುಗೆಮನೆಯ ವಿದ್ಯುತ್ ಚಿಮಣಿಯೂ ಇದೇ ಕೆಲಸ ಮಾಡುತ್ತದೆ, ಅದು ಇನ್ನೂ ಬಲಶಾಲಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊಗೆ ಬಂದರೆ ಕಣ್ಣು ಉರಿದು ನಾವೇ ಎದ್ದು ಹೊರಗೆ ಹೋಗುತ್ತೇವೆ. ಅಪಾಯವಿರುವುದು ಹೊಗೆ ನಿಂತ ಮೇಲೆ. ಸೌದೆ ಉರಿದು ಕೆಂಡವಷ್ಟೇ ಉಳಿದಾಗ, ಅಥವಾ ಇದ್ದಿಲು, ಕಲ್ಲಿದ್ದಲು ಹಾಕಿದಾಗ, ಗಾಳಿ ಸಾಲದಿದ್ದರೆ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ, ಮಂಪರು. ಮಲಗಿದವರು ಏಳದಿರುವುದೂ ಉಂಟು. "ಕೆಂಡವೇ ತಾನೇ, ಹೊಗೆಯಿಲ್ಲವಲ್ಲ" ಎಂದು ಚಳಿಗೆ ಅಗ್ಗಿಷ್ಟಿಕೆಯನ್ನು ಮಲಗುವ ಕೋಣೆಗೆ ತಂದು ಬಾಗಿಲು ಹಾಕುವುದು ಇದೇ ಕಾರಣಕ್ಕೆ ಜೀವಕ್ಕೆ ಎರವಾಗುತ್ತದೆ. ಕೆಂಡ ಜೀವಂತ ಇರುವವರೆಗೆ ಚಿಮಣಿಯ ತಡೆ ತಗಡನ್ನು, ಎಂದರೆ ಕೊಳವೆಯೊಳಗೆ ತಿರುಗಿಸಿ ದಾರಿ ಕಿರಿದು ಮಾಡುವ ತಗಡನ್ನು, ಪೂರ್ತಿ ಮುಚ್ಚಬಾರದು. ಒಳ್ಳೆಯ ತಗಡಿನಲ್ಲಿ ಪೂರ್ತಿ ಮುಚ್ಚಲಾಗದಂತೆ ಒಂದು ತೂತು ಅಥವಾ ಕಚ್ಚು ಇಟ್ಟಿರುತ್ತಾರೆ. ನಾನು ಫ್ಯಾನಿನ ಸ್ವಿಚ್ಚಿಗೆ ಕೆಂಪು ಟೇಪು ಸುತ್ತಿದ್ದೇನೆ: ಒಲೆ ಉರಿಯುವಾಗ ಅದನ್ನು ಮುಟ್ಟುವಂತಿಲ್ಲ, ಕಿಟಕಿಯ ಮೇಲಿನ ರೆಕ್ಕೆ ಯಾವ ಕಾಲದಲ್ಲೂ ತೆರೆದೇ ಇರಬೇಕು.

ರೋಗ ತಿಳಿದ ಮೇಲೆ ಹದಗೊಳಿಸುವುದು ಕಷ್ಟವಲ್ಲ, ಅನುಕ್ರಮ ತಪ್ಪಬಾರದು ಅಷ್ಟೇ. ಎಲ್ಲರ ಕೈಯೂ ಮೊದಲು ಹೋಗುವುದು ಕೊಳವೆಯ ತಡೆ ತಗಡಿಗೆ. ಅದನ್ನು ಕೊನೆಗೆ ಮುಟ್ಟಬೇಕು. ಮೊದಲ ಕೆಲಸ ಬಿರುಕು ಹುಡುಕುವುದು. ಮೈಸೂರಿನವರಾದ ನಮಗೆ ಇದಕ್ಕೆ ಬೇಕಾದ ಉಪಕರಣ ದೇವರ ಮನೆಯಲ್ಲೇ ಇದೆ. ಒಲೆ ಚೆನ್ನಾಗಿ ಹತ್ತಿಕೊಂಡ ಮೇಲೆ ಊದುಬತ್ತಿ ಹಚ್ಚಿ ಹಂಡೆ ಕೂತ ಕಡೆ, ಇಟ್ಟಿಗೆಯ ಸಂದು, ಕೊಳವೆಯ ಕೀಲುಗಳ ಹತ್ತಿರ ಮೆಲ್ಲಗೆ ಸುತ್ತಬೇಕು. ಹೊಗೆಯ ಎಳೆ ಸಂದಿನೊಳಕ್ಕೆ ಬಾಗಿದರೆ ಅಲ್ಲಿ ಕಳ್ಳಗಾಳಿ ನುಗ್ಗುತ್ತಿದೆ ಎಂದರ್ಥ. ಆ ಗಾಳಿ ಕೆಂಡವನ್ನು ಮುಟ್ಟದೆ ಚಿಮಣಿಗೆ ಹೋಗಿ ಅದನ್ನು ತಣ್ಣಗಾಗಿಸುತ್ತದೆ, ಎಳೆತವನ್ನು ತಿನ್ನುತ್ತದೆ. ನಾನು ಜೇಡಿಮಣ್ಣಿಗೆ ಸಗಣಿ, ಹೊಟ್ಟು ಕಲಸಿ ಮೆತ್ತಿದೆ. ಸಿಮೆಂಟು ಕಾವಿಗೆ ಬಿರಿಯುತ್ತದೆ, ಇದು ಬಿರಿದರೂ ನಾಳೆ ಮತ್ತೆ ಮೆತ್ತಬಹುದು.

ಆಮೇಲೆ ಹೊತ್ತಿಸುವ ಕ್ರಮ. ಬೆಳಗಿನ ಚಿಮಣಿ ಒಳಗೂ ತಣ್ಣಗಿರುತ್ತದೆ; ಒಳಗೆ ಹೊರಗೆ ವ್ಯತ್ಯಾಸವಿಲ್ಲದ ಕಡೆ ಎಳೆತವೂ ಇಲ್ಲ. ಬೇಸಿಗೆಯ ಮಧ್ಯಾಹ್ನ ಹೊರಗೆ 36 ಡಿಗ್ರಿ ಇದ್ದು ದಪ್ಪ ಇಟ್ಟಿಗೆಯ ಚಿಮಣಿ ಇನ್ನೂ ರಾತ್ರಿಯ ತಂಪಿನಲ್ಲಿದ್ದರೆ ಗಾಳಿ ಉಲ್ಟಾ ಇಳಿಯುವುದೂ ಇದೆ. ಅದಕ್ಕೇ ಒಂದು ಹಾಳೆ ದಿನಪತ್ರಿಕೆಯನ್ನು ಸುರುಳಿ ಮಾಡಿ ಕೊಳವೆಯ ಬುಡದಲ್ಲೇ ಉರಿಸಿ, ಚಿಮಣಿ ಗೊರಗುಟ್ಟುವುದು ಕೇಳಿಸಿದ ಮೇಲೆ ಕೆಳಗೆ ಗರಿಗೆ ಬೆಂಕಿ ಇಡಬೇಕು. ಒಂದು ನಿಮಿಷದ ಈ ಕೆಲಸಕ್ಕೆ ಸೋಮಾರಿತನ ಮಾಡಿ ಹತ್ತು ನಿಮಿಷ ಊದುಕೊಳವೆ ಊದಿದವರನ್ನು ನಾನು ಬಲ್ಲೆ; ನಾನೂ ಅವರಲ್ಲೊಬ್ಬ.

ಬೆಂಕಿ ನಿಂತ ಮೇಲೆ ಆಳಬೇಕಾದದ್ದು ಬೂದಿ ಬಾಗಿಲಿನಿಂದ. ರಸ್ತೆಬದಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವವರನ್ನು ನೋಡಿ. ಕಾವು ಬೇಕೆಂದರೆ ಪೆಟ್ಟಿಗೆಯನ್ನು ಬೀಸಿ ಕೆಂಡಕ್ಕೆ ಗಾಳಿ ಕೊಡುತ್ತಾರೆ, ಬೇಡವೆಂದರೆ ಕಿಂಡಿ ಮುಚ್ಚಿ ಬೂದಿ ಕವಿಯಲು ಬಿಡುತ್ತಾರೆ. ಒಂದು ಕಿಲೋ ಶುದ್ಧ ಇಂಗಾಲ ಉರಿಯಲು ಹನ್ನೊಂದೂವರೆ ಕಿಲೋ ಗಾಳಿ ಬೇಕು. ಅದಕ್ಕಿಂತ ಕಡಿಮೆಯಾದರೆ ಅರೆಬೆಂದ ಉರಿ, ವಿಷಾನಿಲ. ಹೆಚ್ಚಾದರೆ ಆ ಹೆಚ್ಚುವರಿ ಗಾಳಿಯೂ ಒಲೆಯಲ್ಲಿ ಕಾದು ಪುಕ್ಕಟೆ ಶಾಖ ಹೊತ್ತು ಹೋಗುತ್ತದೆ. ಒಂದು ಕಿಲೋ ಇದ್ದಿಲಿಗೆ ಹತ್ತು ಕಿಲೋ ಗಾಳಿ ಹೆಚ್ಚಾಗಿ ನುಗ್ಗಿ, 250 ಡಿಗ್ರಿ ಕಾದು ಹೊರಬಿದ್ದರೆ, ಇದ್ದಿಲಿನ ಶಾಖದ ಹನ್ನೆರಡರಲ್ಲಿ ಒಂದು ಪಾಲು ಅಲ್ಲೇ ಮುಗಿಯಿತು. ಬೂದಿ ಬಾಗಿಲನ್ನು ಎರಡು ಬೆರಳು ತೆರೆದಿಟ್ಟು ಐದು ನಿಮಿಷ ಕಾಯಬೇಕು, ಆಮೇಲೆ ಮತ್ತೆ ನೋಡಬೇಕು. ಒಲೆ ಅವಸರಕ್ಕೆ ಉತ್ತರ ಕೊಡುವುದಿಲ್ಲ. ಬಾಗಿಲು ಬಹುಪಾಲು ಮುಚ್ಚಿದರೂ ಉರಿ ಭೋರ್ಗರೆಯುತ್ತಿದ್ದರೆ ಮಾತ್ರ ಮೇಲಿನ ತಗಡನ್ನು ಸ್ವಲ್ಪ ಓರೆ ಮಾಡುವುದು.

ಕಣ್ಣಂದಾಜು ಸಾಲದೆಂದರೆ ಅಳೆಯಲೂಬಹುದು, ಖರ್ಚು ನೂರು ರೂಪಾಯಿ ಆಸುಪಾಸು. 16 ಪಾಸ್ಕಲ್ ಎಂದರೆ ನೀರಿನ ಮಟ್ಟದಲ್ಲಿ 1.6 ಮಿಲಿಮೀಟರ್, ನೆಟ್ಟಗೆ ನಿಲ್ಲಿಸಿದ ಕೊಳವೆಯಲ್ಲಿ ಓದಲಾಗದಷ್ಟು ಚಿಕ್ಕದು. ಉಪಾಯವೆಂದರೆ ಕೊಳವೆಯನ್ನು ಮಲಗಿಸುವುದು. ಗಾರೆಯವರು ಮಟ್ಟ ನೋಡುವ ಪಾರದರ್ಶಕ ಟ್ಯೂಬನ್ನು ಒಂದು ಮೀಟರ್ ಹಲಗೆಗೆ ಕಟ್ಟಿ, ಹಲಗೆಯ ಒಂದು ತುದಿಯನ್ನು ಹತ್ತು ಸೆಂಟಿಮೀಟರ್ ಎತ್ತಬೇಕು. ತಗ್ಗಿನ ತುದಿಯನ್ನು ಅಗಲ ಬಾಯಿಯ ಬಾಟಲಿಯ ಬುಡಕ್ಕೆ ತೂತು ಕೊರೆದು ಸೇರಿಸಿ, ಆ ಸಂದನ್ನು ಸೋರದಂತೆ ಮುಚ್ಚಿ, ಶಾಯಿ ಬೆರೆಸಿದ ನೀರು ತುಂಬಬೇಕು. ಒಂದು ಹನಿ ಸೋಪಿನ ನೀರು ಹಾಕಿದರೆ ನೀರು ಟ್ಯೂಬಿಗೆ ಅಂಟದೆ ಸಲೀಸಾಗಿ ಜಾರುತ್ತದೆ. ಎತ್ತರದ ತುದಿಗೆ ತಾಮ್ರದ ಸಣ್ಣ ನಳಿಕೆ ಸಿಕ್ಕಿಸಿ, ತಡೆ ತಗಡಿಗಿಂತ ಕೆಳಗೆ ಹೊಗೆ ಕೊಳವೆಯಲ್ಲಿ ಕೊರೆದ ತೂತಿಗೆ ಇಡಬೇಕು. ಪ್ಲಾಸ್ಟಿಕ್ ಅನ್ನೇ ನೇರ ಇಟ್ಟರೆ ಕರಗುತ್ತದೆ, ಹೇಳಲಿಲ್ಲ ಎನ್ನಬೇಡಿ. ಚಿಮಣಿ ಎಳೆದಂತೆ ನೀರು ಇಳಿಜಾರನ್ನು ಏರುತ್ತದೆ, 1.6 ಮಿಲಿಮೀಟರ್ ಇದ್ದದ್ದು 16 ಮಿಲಿಮೀಟರ್ ಆಗಿ ಕಾಣುತ್ತದೆ. ಟ್ಯೂಬಿನ ಮೇಲೆ ಒಂದು ಮಿಲಿಮೀಟರ್ ಅಂದರೆ ಸರಿಸುಮಾರು ಒಂದು ಪಾಸ್ಕಲ್.

ಅಕ್ಕನ ಮಗನ ಕಲ್ಲಿದ್ದಲಿಗೆ ಬರುತ್ತೇನೆ. ಅಲ್ಲಿ ಉರಿಸುವುದು ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲು. ಪೆನ್ಸಿಲ್ವೇನಿಯಾದ ಈಶಾನ್ಯ ಭಾಗ ಅದರ ತವರು. ಹೊಗೆ ಕಡಿಮೆ, ಜ್ವಾಲೆ ಗಿಡ್ಡ ಮತ್ತು ನೀಲಿ. ಆ ನೀಲಿ ಜ್ವಾಲೆಯೇ ಕಾರ್ಬನ್ ಮೊನಾಕ್ಸೈಡ್ ಉರಿಯುತ್ತಿರುವ ಗುರುತು. ಸೌದೆ ಮೇಲಿನ ಗಾಳಿಯಲ್ಲೂ ಉರಿದೀತು, ಆಂಥ್ರಸೈಟ್‌ಗೆ ಗಾಳಿ ಜಾಲರಿಯ ಕೆಳಗಿನಿಂದಲೇ, ದಪ್ಪ ಹಾಸಿನ ನಡುವಿನಿಂದಲೇ ಬರಬೇಕು. ಹಾಸು ತೆಳುವಾದರೆ ಬೆಂಕಿ ಸಾಯುತ್ತದೆ. ಮೇಲಿನಿಂದ ಕೋಲು ಹಾಕಿ ಕೆದಕುವ ನಮ್ಮ ಅಭ್ಯಾಸ ಅಲ್ಲಿ ನಡೆಯದು. ಜಾಲರಿಯನ್ನು ಅಲುಗಿಸಿ ಬೂದಿ ಉದುರಿಸಬೇಕು, ಬೂದಿ ಗುಂಡಿಯಲ್ಲಿ ಕೆಂಪು ಮಿನುಗು ಕಂಡೊಡನೆ ನಿಲ್ಲಿಸಬೇಕು. ಬೂದಿ ತುಂಬಿ ಜಾಲರಿಗೆ ತಾಗಿದರೆ ತಣ್ಣನೆಯ ಗಾಳಿ ತಾಗದೆ ಜಾಲರಿಯ ಕಬ್ಬಿಣವೇ ಬಾಗುತ್ತದೆ. ಹೊಸ ಕಲ್ಲಿದ್ದಲು ಹಾಕುವಾಗ ಒಂದು ಮೂಲೆಯಲ್ಲಿ ಕೆಂಡ ಕಾಣುವಂತೆ ಬಿಡಬೇಕು. ಪೂರ್ತಿ ಮುಚ್ಚಿದರೆ ಮೇಲೆ ಕೂಡಿದ ಅನಿಲ ಒಮ್ಮೆಗೇ ಭಗ್ಗೆಂದು ಹತ್ತಿ ಬಾಗಿಲು ಹಾರುತ್ತದೆ.

ಅವನ ಸಮಸ್ಯೆಗೆ ಲೆಕ್ಕ ಹಾಕಿದೆ. ಹೊರಗೆ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ, ಚಿಮಣಿ ಎಂಟು ಮೀಟರ್, ಒಳಗೆ 150 ಡಿಗ್ರಿ. ಎಳೆತ 38 ಪಾಸ್ಕಲ್ ಹತ್ತಿರ ಬರುತ್ತದೆ. ಕೈಯಿಂದ ಕಲ್ಲಿದ್ದಲು ತುಂಬುವ ಅಂಥ ಕುಲುಮೆಗೆ ಸಾಮಾನ್ಯವಾಗಿ ಬೇಕಾದದ್ದು 0.04ರಿಂದ 0.06 ಇಂಚು ನೀರು, ಎಂದರೆ 10ರಿಂದ 15 ಪಾಸ್ಕಲ್. ಮೂರು ಪಟ್ಟಿನ ಹತ್ತಿರ! ಚಳಿ ಹೆಚ್ಚಿದ ರಾತ್ರಿಗಳಲ್ಲೇ ಕಲ್ಲಿದ್ದಲು ಬೇಗ ಮುಗಿಯುತ್ತಿದ್ದುದು ಇದಕ್ಕೇ. ಹೊರಗಿನ ಗಾಳಿ ಭಾರವಾದಷ್ಟೂ ಚಿಮಣಿಗೆ ಹುರುಪು.

ರಾತ್ರಿ ಮೂರು ಗಂಟೆಗೆ ಎದ್ದು ತಗಡು ತಿರುಗಿಸುವವರು ಯಾರು? ಅದಕ್ಕೆ ಆ ದೇಶದಲ್ಲಿ ಬ್ಯಾರೊಮೆಟ್ರಿಕ್ ಡ್ಯಾಂಪರ್ ಎಂಬ ಸರಳ ಸಾಧನವಿದೆ. ಹೊಗೆ ಕೊಳವೆಯ ಪಕ್ಕದಲ್ಲಿ ತೂಗಾಡುವ ಒಂದು ದುಂಡು ರೆಕ್ಕೆ, ಅದಕ್ಕೊಂದು ಸಣ್ಣ ತೂಕದ ಬಿಲ್ಲೆ. ಎಳೆತ ಮಿತಿ ಮೀರಿದರೆ ರೆಕ್ಕೆ ಒಳಕ್ಕೆ ವಾಲಿ ಕೋಣೆಯ ಗಾಳಿಯನ್ನು ಕೊಳವೆಗೆ ಬಿಡುತ್ತದೆ. ಚಿಮಣಿಯ ಹಸಿವು ಆ ಗಾಳಿಯಲ್ಲಿ ತಣಿಯುತ್ತದೆ, ಕೆಂಡದ ಮೇಲಿನ ಎಳೆತ ಮಾತ್ರ ಒಂದೇ ಸಮ ಉಳಿಯುತ್ತದೆ. ಮೊದಲು ನಾವು ಕೆಟ್ಟದೆಂದು ಮಣ್ಣು ಮೆತ್ತಿ ಮುಚ್ಚಿದ ಕಳ್ಳಗಾಳಿಯನ್ನು ಇಲ್ಲಿ ಲೆಕ್ಕವಿಟ್ಟು ಕೂಲಿಗೆ ಇಟ್ಟುಕೊಂಡಂತೆ. ಅವನ ಮನೆಯಲ್ಲೂ ಅದು ಇತ್ತು. ಹಿಂದಿನ ಮಾಲೀಕರು ಸಂದಿಗೆ ಅಲ್ಯೂಮಿನಿಯಂ ಟೇಪು ಸುತ್ತಿ ರೆಕ್ಕೆ ಆಡದಂತೆ ಮಾಡಿದ್ದರು.

ಟೇಪು ಕೀಳಿಸಿದೆ. ರೆಕ್ಕೆಯ ಕೀಲು ಮಟ್ಟಸವಾಗಿದೆಯೇ, ಮುಖ ನೆಟ್ಟಗಿದೆಯೇ ಎಂದು ವಿಡಿಯೊ ಕರೆಯಲ್ಲೇ ನೋಡಿದೆ; ಓರೆಯಾದರೆ ಬಿಲ್ಲೆಯ ತೂಕಕ್ಕೆ ಅರ್ಥವಿಲ್ಲ. ಕುಲುಮೆಯನ್ನು ಪೂರ್ತಿ ಕಾವಿಗೆ ತಂದು, ಕುಲುಮೆ ಮತ್ತು ರೆಕ್ಕೆಯ ನಡುವೆ ಅಳತೆಯ ನಳಿಕೆ ಇಟ್ಟು, ಬಿಲ್ಲೆಯನ್ನು ತಿರುವುತ್ತಾ 0.05 ಇಂಚಿಗೆ ತಂದು ನಿಲ್ಲಿಸು ಎಂದೆ. ತಣ್ಣನೆಯ ಕುಲುಮೆಯಲ್ಲಿ ಹೊಂದಿಸಿದರೆ ನಡುರಾತ್ರಿ ಲೆಕ್ಕ ತಪ್ಪುತ್ತದೆ. ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆ ಮಲಗುವ ಕೋಣೆಯ ಹತ್ತಿರವೂ ಇದೆಯೇ ಎಂದು ನನ್ನ ಪಕ್ಕದಲ್ಲಿದ್ದ ಅಕ್ಕ ಮೂರು ಸಲ ಕೇಳಿಸಿದಳು.

"ಹಾಗಾದರೆ ನಮ್ಮ ಬಚ್ಚಲಿಗೂ ಆ ರೆಕ್ಕೆ ಹಾಕಿಸು" ಎಂದಳು ಅಕ್ಕ. ಬೇಡ. ಸೌದೆ, ಗರಿ, ಕರಟದ ಹೊಗೆಯಲ್ಲಿ ಟಾರು ಇರುತ್ತದೆ. ತಣ್ಣನೆಯ ಗಾಳಿ ಸೇರಿದರೆ ಅದು ಕೊಳವೆಯ ಗೋಡೆಗೆ ಅಂಟಿ ಗಟ್ಟಿಯಾಗುತ್ತದೆ. ಒಂದು ದಿನ ಅದಕ್ಕೇ ಬೆಂಕಿ ಹತ್ತಿದರೆ ಅದೇ ರೆಕ್ಕೆ ತೆರೆದುಕೊಂಡು ಬೆಂಕಿಗೆ ಗಾಳಿ ಉಣಿಸುತ್ತದೆ. ಕಲ್ಲಿದ್ದಲಿಗೆ ಔಷಧವಾದದ್ದು ಸೌದೆಗೆ ವಿಷ.

ಮಂಡ್ಯದ ಆಲೆಮನೆಗಳಲ್ಲಿ ಈ ಅಳತೆಯ ನಳಿಕೆಗಳೊಂದೂ ಇಲ್ಲ. ಪಾಂಡವಪುರದ ಕಡೆ ಒಮ್ಮೆ ಕೊಪ್ಪರಿಗೆಯ ಹಿಂದಿನ ಗುಂಡಿಯಲ್ಲಿ ಕುಳಿತು ಒಣಗಿದ ಕಬ್ಬಿನ ಸಿಪ್ಪೆ ಹಾಕುತ್ತಿದ್ದವರ ಪಕ್ಕ ಅರ್ಧ ದಿನ ಕಳೆದಿದ್ದೆ. ಅವರು ಸಿಪ್ಪೆಯನ್ನು ಒಂದೇ ಸಲ ತುರುಕುತ್ತಿರಲಿಲ್ಲ, ಹಿಡಿಹಿಡಿಯಾಗಿ ಲಯ ತಪ್ಪದೆ ಎಸೆಯುತ್ತಿದ್ದರು. ಚಿಮಣಿಯ ತುದಿಯಲ್ಲಿ ಕಪ್ಪು ಹೊಗೆ ಕಂಡರೆ ಕೈ ನಿಧಾನ. ಒಲೆಯ ಬಾಯಿಂದ ಜ್ವಾಲೆ ನಾಲಗೆ ಚಾಚಿದರೆ ಗಾಳಿ ಸಾಲದೆಂದು ಬೂದಿ ಎಳೆಯುವುದು. "ಒಲೆ ಉಸಿರಾಡುವುದು ಕೇಳಿಸುತ್ತದೆ, ಸ್ವಾಮಿ" ಎಂದರು. ನನಗೆ ಆ ದಿನ ಕೊಪ್ಪರಿಗೆಯ ಹಾಲು ಕುದಿಯುವ ಸದ್ದು ಬಿಟ್ಟು ಬೇರೇನೂ ಕೇಳಿಸಲಿಲ್ಲ.

ಎತ್ತರದ ಚಿಮಣಿಗೆ ಜಾಗವೇ ಇಲ್ಲದಿದ್ದರೆ ಎಳೆತವನ್ನು ಬಲವಂತವಾಗಿ ಹುಟ್ಟಿಸಬೇಕಾಗುತ್ತದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ಸಂಗ್ರಹಾಲಯದಲ್ಲಿ ನಿಂತಿರುವ ಉಗಿ ಎಂಜಿನ್‌ಗಳ ಗಿಡ್ಡ ಹೊಗೆ ಕೊಳವೆ ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಕೆಲಸ ಮುಗಿಸಿದ ಉಗಿಯನ್ನು ಆ ಕೊಳವೆಯ ಬುಡದಲ್ಲಿ ಮೇಲ್ಮುಖವಾಗಿ ಚಿಮ್ಮಿಸಿ, ಅದರ ಹಿಂದೆ ಹೊಗೆಯನ್ನೂ ಗಾಳಿಯನ್ನೂ ಸೆಳೆದುಕೊಳ್ಳುತ್ತಿದ್ದರು. ಮಕ್ಕಳು ಆಟದಲ್ಲಿ ಕೂಗುವ ಛುಕ್ ಛುಕ್ ಆ ಚಿಮ್ಮಿನ ಸದ್ದು.

ಜನವರಿಯ ಕೊನೆಯಲ್ಲಿ ಅಕ್ಕನ ಮಗ ಒಂದು ಚಿತ್ರ ಕಳುಹಿಸಿದ: ಬೆಳಗಿನ ಏಳು ಗಂಟೆ, ಕುಲುಮೆಯೊಳಗೆ ಇನ್ನೂ ಒಂದು ಗೇಣು ಕೆಂಡ, ಪಕ್ಕದಲ್ಲಿ ಒಂದು ಬೆರಳಿನಷ್ಟು ವಾಲಿದ ರೆಕ್ಕೆ. ನಮ್ಮ ಬಚ್ಚಲಲ್ಲಿ ಹೊಗೆ ನಿಂತಿದೆ. ಪಕ್ಕದ ಮೂರನೆಯ ಅಂತಸ್ತಿನ ಪ್ರಶ್ನೆ ಮಾತ್ರ ಹಾಗೇ ಇದೆ. ಜೂನ್ ತಿಂಗಳ ಪಡುವಣ ಗಾಳಿ ಶುರುವಾಗುವ ಮೊದಲು ಕೊಳವೆಯನ್ನು ಇನ್ನು ಐದು ಅಡಿ ಏರಿಸಿ, ತುದಿಗೆ ತಗಡಿನ ಟೋಪಿ ಹಾಕಿಸಬೇಕು.